ಕಲ್ಲುಹಾದಿಯ ಮೋಟಾರ್ ಸೈಕಲ್ಲು

ಹೊರನಾಡಿನಲ್ಲಿ ನೆಲೆಸಿರುವ ನಮ್ಮ ಮನೆಗಳಲ್ಲಿ ಈಚೆಗೆ ಹೊಸದೊಂದು ವಾದ ಕೇಳಿಬರುತ್ತಿದೆ. ಮಗನೋ ಮಗಳೋ ಮೋಟಾರ್ ಸೈಕಲ್ಲು ಬೇಕೆನ್ನುತ್ತಾರೆ. ಅದೂ ಡಾಂಬರು ರಸ್ತೆಯದಲ್ಲ, ಕಲ್ಲು, ಕೆಸರು, ಹಳ್ಳಗಳನ್ನು ದಾಟುವಂಥದು. ಹೆತ್ತವರ ಎದೆ ಝಲ್ಲೆನ್ನುವುದು ಸಹಜವೇ. ಆದರೆ ಬೇಡವೆನ್ನುವ ಮುನ್ನ ಈ ಕ್ರೀಡೆಯ ಚರಿತ್ರೆಯನ್ನು ಅರಿಯುವುದು ಲೇಸು. ಅದರಲ್ಲಿ ಕನ್ನಡನಾಡಿನ ಪಾಲೂ ಉಂಟು.

ಎಂಡ್ಯೂರೋ ಎಂದರೆ ಬರಿಯ ವೇಗದ ಪಂದ್ಯವಲ್ಲ, ತಾಳಿಕೆಯ ಪಂದ್ಯ. 1913ರಲ್ಲಿ ಇಂಗ್ಲೆಂಡಿನ ಕಾರ್ಲೈಲ್ ಪಟ್ಟಣದಲ್ಲಿ ಮೊದಲ ಅಂತರರಾಷ್ಟ್ರೀಯ ಆರು ದಿನಗಳ ಪರೀಕ್ಷೆ ನಡೆಯಿತು. ಯಾವ ದೇಶದ ಯಂತ್ರ ಗಟ್ಟಿ ಎಂಬುದನ್ನು ಕಾಣುವುದೇ ಆಗಿನ ಮುಖ್ಯ ಉದ್ದೇಶ. ಆದಕಾರಣ ಟ್ರೋಫಿಗೆ ಸ್ಪರ್ಧಿಸುವ ತಂಡ ಸ್ವದೇಶದಲ್ಲಿ ತಯಾರಾದ ವಾಹನವನ್ನೇ ಏರಬೇಕಿತ್ತು. ಈ ನಿಯಮ ಸಡಿಲವಾದದ್ದು 1970ರಲ್ಲಿ. 1981ರಿಂದ ಈ ಸ್ಪರ್ಧೆಗೆ ಎಂಡ್ಯೂರೋ ಎಂಬ ಹೆಸರೇ ನಿಂತಿತು. ಸವಾರನು ಗೊತ್ತಾದ ನಿಮಿಷಕ್ಕೆ ಹೊರಟು, ಗೊತ್ತಾದ ನಿಮಿಷಕ್ಕೆ ಪ್ರತಿ ಠಾಣೆಯನ್ನೂ ಮುಟ್ಟಬೇಕು. ತಡವಾದರೆ ದಂಡ, ಬೇಗ ಬಂದರೂ ದಂಡ. ಗಾಡಿ ಕೆಟ್ಟರೆ ತನ್ನ ಕೈಯಿಂದಲೇ ರಿಪೇರಿ ಮಾಡಿಕೊಳ್ಳಬೇಕು.

ಈ ಕಠಿಣ ಪರೀಕ್ಷೆಯಲ್ಲಿ ಮೆರೆದ ದೇಶಗಳಲ್ಲಿ ಚೆಕೊಸ್ಲೊವಾಕಿಯ ಒಂದು. 1970ರಿಂದ 1974ರವರೆಗೆ ಸತತವಾಗಿ 5 ವರ್ಷ ಟ್ರೋಫಿ ಆ ದೇಶದ ಪಾಲಾಯಿತು. ಅದರ ಹೆಸರಾಂತ ಯಂತ್ರ ಜಾವಾ. 1929ರಲ್ಲಿ ಯಾನೆಚೆಕ್ ಎಂಬ ಉದ್ಯಮಿ ವಾಂಡರರ್ ಎಂಬ ಜರ್ಮನ್ ಕಂಪನಿಯ ಮೋಟಾರ್ ಸೈಕಲ್ಲನ್ನು ತಯಾರಿಸುವ ಹಕ್ಕು ಪಡೆದಾಗ, ಎರಡು ಹೆಸರುಗಳ ಮೊದಲ ಅಕ್ಷರಗಳು ಕೂಡಿ ಜಾವಾ ಆಯಿತು.

ಅದೇ ಜಾವಾ ನಮ್ಮ ಮೈಸೂರಿಗೂ ಬಂದಿತು. ಇರಾನಿ ಮನೆತನದ ಉದ್ಯಮಿಗಳು ಜಯಚಾಮರಾಜ ಒಡೆಯರ ಪ್ರೋತ್ಸಾಹದಿಂದ ಯಾದವಗಿರಿಯಲ್ಲಿ ಐಡಿಯಲ್ ಜಾವಾ ಕಾರ್ಖಾನೆಯನ್ನು ಸ್ಥಾಪಿಸಿದರು. 1961ರಲ್ಲಿ ಅಲ್ಲಿ ಗಾಡಿಗಳ ತಯಾರಿಕೆ ಮೊದಲಾಯಿತು. 1973ರ ನಂತರ ಅವು ಯೆಜ್ದಿ ಎಂಬ ಹೆಸರಿನಿಂದ ಹೊರಬಂದವು. 1996ರಲ್ಲಿ ಕಾರ್ಖಾನೆ ಬಾಗಿಲು ಮುಚ್ಚಿತು. ಎಷ್ಟೋ ಕುಟುಂಬಗಳ ಅನ್ನ ಹೋಯಿತು. ಆದರೆ ಕೆಲಸ ಕಲಿತ ಕೈಗಳು ಉಳಿದವು, ಗಾಡಿಯ ಮೇಲಿನ ಪ್ರೀತಿಯೂ ಉಳಿಯಿತು.

2015ರಲ್ಲಿ ಬೆಂಗಳೂರಿನ ಸಿ. ಎಸ್. ಸಂತೋಷ್ ಡಾಕಾರ್ ರ‍್ಯಾಲಿಯನ್ನು ಪೂರ್ತಿಗೊಳಿಸಿದ ಮೊದಲ ಭಾರತೀಯರಾಗಿ 36ನೆಯ ಸ್ಥಾನ ಪಡೆದರು. 2019ರಲ್ಲಿ ಅರವಿಂದ್ ಕೆ. ಪಿ. ಅದೇ ರ‍್ಯಾಲಿಯ ಕೊನೆ ಮುಟ್ಟಿದರು. ಆ ವರ್ಷವೇ ಬೆಂಗಳೂರಿನ ಐಶ್ವರ್ಯಾ ಪಿಸ್ಸೆ ಬಾಹಾ ವಿಶ್ವಕಪ್ಪಿನ ಮಹಿಳಾ ವಿಭಾಗವನ್ನು ಗೆದ್ದರು. 2021ರಲ್ಲಿ ಸಂತೋಷ್ ಸೌದಿ ಅರೇಬಿಯದ ಮರಳಿನಲ್ಲಿ ಬಿದ್ದು ತೀವ್ರವಾಗಿ ಗಾಯಗೊಂಡರೆಂಬುದನ್ನೂ ಇಲ್ಲಿ ಮರೆಮಾಚಬಾರದು. ಹಿರಿಯರ ಭಯ ಸುಳ್ಳಲ್ಲ.

ಹಾಗಾದರೆ ಹೊಸಬರು ಯಾವ ಗಾಡಿ ಕೊಳ್ಳಬೇಕು? ಚರಿತ್ರೆಯೇ ಉತ್ತರ ಹೇಳುತ್ತದೆ: ತಾನೇ ಎತ್ತಬಲ್ಲ, ತಾನೇ ಬಿಚ್ಚಿ ಜೋಡಿಸಬಲ್ಲ ಗಾಡಿ. ಸ್ಪರ್ಧೆಗೆಂದೇ ಮಾಡಿದ 250 ಸಿ.ಸಿ. ಎಂಡ್ಯೂರೋ ಯಂತ್ರ ಸುಮಾರು 105ರಿಂದ 110 ಕಿಲೋ ತೂಗುತ್ತದೆ. ಆದರೆ ಬೆಲೆ ಹಲವು ಲಕ್ಷ, ಮತ್ತು ಇಂಥವುಗಳಲ್ಲಿ ಹೆಚ್ಚಿನವನ್ನು ರಸ್ತೆಗೆ ಇಳಿಸುವಂತಿಲ್ಲ, ಲಾರಿಯಲ್ಲೇ ಒಯ್ಯಬೇಕು. 2019ರಲ್ಲಿ ಬಂದ ಹೀರೋ ಎಕ್ಸ್‌ಪಲ್ಸ್ 200ರಂಥ ಗಾಡಿ 150 ಕಿಲೋ ದಾಟಿದರೂ ಮುಂದೆ 21 ಇಂಚು, ಹಿಂದೆ 18 ಇಂಚಿನ ಚಕ್ರ, ನೆಲದಿಂದ 220 ಮಿಲಿಮೀಟರ್ ಎತ್ತರ ಹೊಂದಿದ್ದು, ಕಲಿಯುವವರಿಗೆ ಸಾಕು. ಎಂಜಿನ್ನಿನ ಗಾತ್ರಕ್ಕೆ ಮರುಳಾಗಬಾರದು. ಕೆಸರಿನಲ್ಲಿ ಬಿದ್ದ ಗಾಡಿಯನ್ನು ಹತ್ತು ಸಲ ಎತ್ತುವಾಗ ತೂಕದ ಬೆಲೆ ತಿಳಿಯುತ್ತದೆ.

ಹಣದಲ್ಲಿ ಮೊದಲ ಪಾಲು ಹೆಲ್ಮೆಟ್, ಬೂಟು, ಮೊಣಕಾಲು ಮತ್ತು ಎದೆಯ ಕವಚಗಳಿಗೆ ಸಲ್ಲಲಿ. ಬಳಿಕ ಬಲ್ಲವರ ಶಿಕ್ಷಣ, ಆಮೇಲೆ ಮೋಟಾರ್ ಕ್ರೀಡಾ ಸಂಘಗಳ ಒಕ್ಕೂಟದ ಪರವಾನಗಿ, ಕೊನೆಗೆ ಸ್ಪರ್ಧೆ. ಮೊದಲ ವರ್ಷ ಗೆಲುವನ್ನು ಬಯಸದೆ, ಪಂದ್ಯವನ್ನು ಮುಗಿಸುವುದನ್ನೇ ಗುರಿಯಾಗಿಸಬೇಕು.

ಮಕ್ಕಳಿಗೆ ನಾವು ಬೇಡವೆಂದರೆ ಅವರು ಗುಟ್ಟಾಗಿ, ಕವಚವಿಲ್ಲದೆ, ಗುರುವಿಲ್ಲದೆ ಕಲಿತಾರು. ಜೊತೆಯಲ್ಲಿ ನಿಂತು ಸ್ಪ್ಯಾನರ್ ಹಿಡಿಯುವುದನ್ನು ಮೊದಲು ಕಲಿಸಿದರೆ, ಯಾದವಗಿರಿಯ ಕೈಗಳ ಕಸುಬು ಹೊರನಾಡಿನ ನಮ್ಮ ಮನೆಗಳಲ್ಲಿಯೂ ಮುಂದುವರಿದೀತು.