ಕಂಪನಿ, ಪಾತ್ರ, ಪರದೆ: ಸಿಂದಗಿ ಸೀಮೆಯ ನಾಟಕಪ್ರಿಯರ ತೀರ್ಪು

ಭೀಮೆಯ ದಡದ ದೇವಣಗಾಂವದಿಂದ ಡೋಣಿ ನದಿಯ ತಾಳಿಕೋಟೆಯವರೆಗಿನ ಊರುಗಳಲ್ಲಿ ಜಾತ್ರೆಯ ನಾಟಕ ಮುಗಿದ ಮೇಲೆ ನಡೆಯುವ ಚರ್ಚೆ ಬಹುತೇಕ ಪಾತ್ರ ಹಂಚಿಕೆಯದೇ. ಕಥೆ ಎಲ್ಲರಿಗೂ ಮೊದಲೇ ಗೊತ್ತಿರುತ್ತದೆ. ಆ ಪಾತ್ರ ಅವನಿಗೆ ಒಪ್ಪಿತೋ ಇಲ್ಲವೋ, ನಾಯಕಿಯ ಪಾತ್ರಕ್ಕೆ ಯಾವ ಊರಿನವರನ್ನು ಕರೆಸಿದ್ದರು, ಖಳನಾಯಕನ ದನಿ ಹಿಂದೆ ಕೂತವರಿಗೆ ಮುಟ್ಟಿತೋ ಇಲ್ಲವೋ ಎಂಬುದೇ ವಾದದ ವಿಷಯ. ಈಚಿನ ದಶಕಗಳಲ್ಲಿ ಇದರ ಜೊತೆಗೆ ಇನ್ನೊಂದು ಪ್ರಶ್ನೆ ಸೇರಿದೆ: ಸಿನಿಮಾದಲ್ಲಿ ಕಂಡವರು ರಂಗದ ಮೇಲೆ ನಿಲ್ಲಬಲ್ಲರೇ? ಪರದೆಯ ಹೆಸರು ಜನರನ್ನು ಟೆಂಟಿನವರೆಗೆ ಕರೆತರುತ್ತದೆ, ಆದರೆ ಈ ಸೀಮೆಯ ಪ್ರೇಕ್ಷಕರ ತೀರ್ಪು ಇಂದಿಗೂ ಪಾತ್ರವನ್ನೇ ಆಧರಿಸಿದೆ ಎಂಬುದು ಈ ಟಿಪ್ಪಣಿಯ ವಾದ.

ಮೊದಲು ಹಳ್ಳಿಯ ನಾಟಕದ ಲೆಕ್ಕ ನೋಡಬೇಕು. ಅಲ್ಲಿ ನಿರ್ಮಾಪಕ ಎಂಬ ಪ್ರತ್ಯೇಕ ವ್ಯಕ್ತಿ ಇಲ್ಲ. ಪಾತ್ರ ಹಿಡಿದವರೇ ತಲೆಗಿಷ್ಟು ಎಂದು ಹಣ ಹಾಕುತ್ತಾರೆ, ಉಳಿದದ್ದು ಊರ ಪಟ್ಟಿಯಿಂದ ಬರುತ್ತದೆ. ಹಾಗಾಗಿ ನಾಯಕನ ಪಾತ್ರ ಕೆಲವೊಮ್ಮೆ ಕಂಠ ಇದ್ದವನ ಕೈತಪ್ಪಿ, ಖರ್ಚು ಹೊರಬಲ್ಲವನಿಗೆ ಹೋಗುವುದುಂಟು. ಪೇಟಿ ಮಾಸ್ತರರು ತಿಂಗಳುಗಟ್ಟಲೆ ತಾಲೀಮು ನಡೆಸುತ್ತಾರೆ. ಸ್ತ್ರೀ ಪಾತ್ರದ ಕಲಾವಿದೆಯರು ಮಾತ್ರ ಸಂಭಾವನೆಯ ಮೇಲೆ ಹೊರಗಿನಿಂದ ಬರುತ್ತಾರೆ, ಹಲವು ಸಲ ನಾಟಕದ ದಿನವೇ ಬರುತ್ತಾರೆ. ಊರಿನ ಹುಡುಗರೊಡನೆ ಒಮ್ಮೆಯೂ ತಾಲೀಮು ಮಾಡದೆ ರಾತ್ರಿಯಿಡೀ ಪಾತ್ರ ನಿಭಾಯಿಸಬೇಕಾದರೆ ನಾಟಕ ಅವರಿಗೆ ಬಾಯಿಪಾಠ ಆಗಿರಬೇಕು. ಕೆಲವೇ ನಾಟಕಗಳು ಊರಿಂದೂರಿಗೆ ಮರಳಿ ಮರಳಿ ಬರುವುದಕ್ಕೂ, ಅವುಗಳಲ್ಲಿ ಸ್ತ್ರೀ ಪಾತ್ರಗಳು ಎರಡು ಮೂರಕ್ಕೇ ನಿಲ್ಲುವುದಕ್ಕೂ ಈ ಏರ್ಪಾಡೇ ದೊಡ್ಡ ಕಾರಣ ಎಂದು ನನ್ನ ತಿಳಿವಳಿಕೆ. ಇಡೀ ನಾಟಕದ ಭಾರ ಈ ಕಲಾವಿದೆಯರ ನೆನಪಿನ ಮೇಲೆ ನಿಂತಿದ್ದರೂ ನಮ್ಮ ರಂಗಚರಿತ್ರೆಗಳಲ್ಲಿ ಅವರ ಹೆಸರು ಸಿಗುವುದು ವಿರಳ. ಇದು ನಮ್ಮ ಸಂಶೋಧನೆಯ ದೊಡ್ಡ ಕೊರತೆ.

ಹೀಗೆ ಊರೂರು ಸುತ್ತಿದ ನಾಟಕಗಳಲ್ಲಿ ಹುನಗುಂದ ತಾಲೂಕಿನ ಸೂಳೇಭಾವಿಯ ಪಿ.ಬಿ. ಧುತ್ತರಗಿ ಅವರವು ಮುಖ್ಯ. ಅವರ ‘ಸಂಪತ್ತಿಗೆ ಸವಾಲ್’ 1974ರಲ್ಲಿ ಸಿನಿಮಾ ಆಯಿತು. ರಾಜ್‌ಕುಮಾರ್ ನಾಯಕ, ಮಂಜುಳಾ ನಾಯಕಿ. ರಂಗದ ಮೇಲೆ ಹಲವು ನಟರು ಹಂಚಿಕೊಂಡಿದ್ದ ಪಾತ್ರಕ್ಕೆ ಆಗ ಒಂದೇ ಮುಖ ಬಂತು. ಆ ಬಳಿಕ ಹಳ್ಳಿಯ ಹುಡುಗ ಅದೇ ಪಾತ್ರ ಹಿಡಿದರೆ ಅವನನ್ನು ಅಳೆಯುವ ಕೋಲು ಬೇರೆಯಾಯಿತು.

ವೃತ್ತಿ ಕಂಪನಿಯಲ್ಲಿ ಪಾತ್ರ ಹಂಚುವವನು ಮಾಲೀಕ. ಎಷ್ಟೋ ಕಂಪನಿಗಳಲ್ಲಿ ಮಾಲೀಕನೇ ಮುಖ್ಯ ನಟ. ಈ ಸೀಮೆಯಲ್ಲಿ ಇದಕ್ಕೆ ಅತ್ಯುತ್ತಮ ನಿದರ್ಶನ ರಾಜು ತಾಳಿಕೋಟೆ. ಸಿಂದಗಿ ತಾಲೂಕಿನ ಚಿಕ್ಕಸಿಂದಗಿಯ ಈ ಕಲಾವಿದರ ಮೂಲ ಹೆಸರು ರಾಜೇಸಾಬ್ ಯಂಕಂಚಿ. ತಂದೆತಾಯಿ ನಡೆಸುತ್ತಿದ್ದ ಕಂಪನಿ ತಾಳಿಕೋಟೆಯ ಖಾಸ್ಗತೇಶ್ವರ ನಾಟ್ಯ ಸಂಘ. ಮುಸ್ಲಿಂ ಕುಟುಂಬವೊಂದು ತಾಳಿಕೋಟೆಯ ಖಾಸ್ಗತ ಶರಣರ ಹೆಸರಿನಲ್ಲಿ ಕಂಪನಿ ಕಟ್ಟಿ ಬಾಳಿದ್ದು ಈ ನೆಲದ ಸಹಜ ರೀತಿ. ಅದನ್ನು ಅಭಿಮಾನದಿಂದಲೇ ದಾಖಲಿಸುತ್ತೇನೆ.

‘ಕಲಿಯುಗದ ಕುಡುಕ’ ನಾಟಕದ ಕುಡುಕನ ಪಾತ್ರ ರಾಜು ಅವರನ್ನು ಮನೆಮಾತಾಗಿಸಿತು. ನಾಟಕದ ಧ್ವನಿಸುರುಳಿ ಹೋಟೆಲು, ಟೆಂಪೋ, ಪಾನ್ ಅಂಗಡಿಗಳಲ್ಲಿ ಮೊಳಗಿತು. ಇಲ್ಲಿ ಗಮನಿಸಬೇಕಾದ ಸಂಗತಿಯೊಂದಿದೆ. ಕ್ಯಾಸೆಟ್ಟಿನಲ್ಲಿ ಮುಖ ಕಾಣುವುದಿಲ್ಲ. ದನಿಯ ಏರಿಳಿತ, ಮಾತಿನ ನಡುವಿನ ಬಿಡುವು, ವಿಜಯಪುರ ಸೀಮೆಯ ಆಡುಮಾತು ಇಷ್ಟರಿಂದಲೇ ಜನ ಆ ನಟನನ್ನು ಒಪ್ಪಿಕೊಂಡಿದ್ದರು. ಯೋಗರಾಜ್ ಭಟ್ ಅವರ ‘ಮನಸಾರೆ’ (2009) ಬಂದಾಗ ದಕ್ಷಿಣದ ಪ್ರೇಕ್ಷಕರಿಗೆ ಹೊಸ ಹಾಸ್ಯನಟ ಸಿಕ್ಕಂತಾಯಿತು. ಸಿಂದಗಿ, ಮುದ್ದೇಬಿಹಾಳದವರಿಗೆ ಅದು ಬಹಳ ಹಿಂದೆಯೇ ಕೇಳಿದ್ದ ದನಿ. ‘ಪಂಚರಂಗಿ’ (2010), ‘ಮೈನಾ’ (2013) ಮುಂತಾದ ಚಿತ್ರಗಳು, ಆಮೇಲೆ ಬಿಗ್ ಬಾಸ್ ಮನೆ, ಕೊನೆಗೆ ಧಾರವಾಡ ರಂಗಾಯಣದ ನಿರ್ದೇಶಕ ಸ್ಥಾನ ಬಂದವು. 2025ರ ಅಕ್ಟೋಬರಿನಲ್ಲಿ ಉಡುಪಿ ಜಿಲ್ಲೆಗೆ ಚಿತ್ರೀಕರಣಕ್ಕೆ ಹೋಗಿದ್ದಾಗ ಹೃದಯಾಘಾತದಿಂದ ಅವರು ತೀರಿಕೊಂಡರು.

ತನ್ನ ಕಂಪನಿಯಲ್ಲಿ ಮಾಲೀಕನಾಗಿ, ಮುಖ್ಯ ನಟನಾಗಿ ಮೂರು ತಾಸು ರಂಗ ಆಳಿದ ಕಲಾವಿದನಿಗೆ ಸಿನಿಮಾ ಕೊಟ್ಟದ್ದು ಹೆಚ್ಚಾಗಿ ಪೋಷಕ ಪಾತ್ರ. ಉತ್ತರ ಕರ್ನಾಟಕದ ಮಾತು ಎಂದರೆ ನಗಿಸುವ ಮಾತು ಎಂಬ ಹಳೆಯ ರೂಢಿಯನ್ನು ನಮ್ಮ ಚಿತ್ರರಂಗ ಪೂರ್ತಿ ಬಿಟ್ಟಿಲ್ಲ. ಆ ರೂಢಿಯೊಳಗೇ ರಾಜು ಅವರು ಗೆದ್ದರು ನಿಜ. ಅಷ್ಟು ದೊಡ್ಡ ನಟನಿಗೆ ಅದು ಸಾಲದು ಎಂಬ ಈ ಭಾಗದ ಅಭಿಮಾನಿಗಳ ಅಸಮಾಧಾನವೂ ಅಷ್ಟೇ ನ್ಯಾಯವಾದದ್ದು.

ಇದಕ್ಕೆ ಎದುರು ದಿಕ್ಕಿನ ಪಯಣ ನಟ ಸುಧೀರ್ ಅವರದು. ಪರದೆಯ ಮೇಲೆ ಅವರು ಖಳನಾಯಕ, ರಂಗದ ಮೇಲೆ ಸಿಂಧೂರ ಲಕ್ಷ್ಮಣ. ಇಂದಿನ ಸಾಂಗಲಿ ಜಿಲ್ಲೆಯ ಜತ್ತ ತಾಲೂಕಿನ ಸಿಂಧೂರದಲ್ಲಿ ಹುಟ್ಟಿ ಬ್ರಿಟಿಷರ ವಿರುದ್ಧ ಬಂಡೆದ್ದ ಲಕ್ಷ್ಮಣ, ಇಂಡಿ, ವಿಜಯಪುರದ ಜನರಿಗೆ ನೆರೆಯೂರಿನ ವೀರ. ಲಾವಣಿ, ಗೀಗೀ ಪದಗಳಲ್ಲಿ ಅವನ ಕಥೆ ಆಗಲೇ ಹರಡಿತ್ತು. ಸಿನಿಮಾದಲ್ಲಿ ಬೈಸಿಕೊಳ್ಳುತ್ತಿದ್ದ ಮುಖಕ್ಕೆ ಟೆಂಟಿನಲ್ಲಿ ಶಿಳ್ಳೆ, ಆಯೇರಿಯ ಕಾಣಿಕೆ ಸಿಕ್ಕವು. ಸುಧೀರ್ ಅವರ ನಾಟಕ ಕಂಪನಿಯನ್ನು ಪತ್ನಿ ಮಾಲತಿ ಸುಧೀರ್ ಮುಂದೆಯೂ ನಡೆಸಿದರು. ಈ ಭಾಗದ ಪ್ರೇಕ್ಷಕರು ಸಿನಿಮಾ ನಟನನ್ನು ಒಪ್ಪಿಕೊಂಡ ಬಗೆ ಇದರಲ್ಲಿ ಸ್ಪಷ್ಟವಾಗುತ್ತದೆ. ಪರದೆಯ ಪಾತ್ರವನ್ನು ಬದಿಗಿಟ್ಟು, ತಮ್ಮ ನೆಲದ ಪಾತ್ರವನ್ನು ಹೊತ್ತು ಬಂದವನನ್ನು ಅವರು ತಮ್ಮವನೆಂದರು.

ಬಸವಣ್ಣನ ಪಾತ್ರದಲ್ಲಿ ಈ ಒರೆಗಲ್ಲು ಇನ್ನೂ ಕಠಿಣ. ಬಸವನ ಬಾಗೇವಾಡಿಯ ಸುತ್ತಿನಲ್ಲಿ ಆ ಪಾತ್ರ ಹಾಕುವುದು ಸಣ್ಣ ಮಾತಲ್ಲ. ಏಣಗಿ ಬಾಳಪ್ಪನವರು (1914–2017) ಬಾಲ್ಯದಲ್ಲಿ ಸ್ತ್ರೀ ಪಾತ್ರಗಳಿಂದ ಹೆಸರಾಗಿ, ಮುಂದೆ ತಮ್ಮ ಕಲಾವೈಭವ ನಾಟ್ಯ ಸಂಘದ ‘ಜಗಜ್ಯೋತಿ ಬಸವೇಶ್ವರ’ದಲ್ಲಿ ಬಸವಣ್ಣನಾಗಿ ಜನರ ಭಕ್ತಿಯನ್ನೇ ಪಡೆದವರು. ಅದೇ ಹೆಸರಿನ 1959ರ ಚಿತ್ರದಲ್ಲಿ ಆ ಪಾತ್ರ ಹೊನ್ನಪ್ಪ ಭಾಗವತರದು. ಅವರೂ ಗುಬ್ಬಿ ಕಂಪನಿಯಲ್ಲಿ ಪಳಗಿದವರೇ. ಇಬ್ಬರನ್ನೂ ಕಂಠವೇ ಆ ಪಾತ್ರಕ್ಕೆ ಅರ್ಹರನ್ನಾಗಿಸಿತ್ತು.

ಕಂಠದ ಮಾತು ಬಂದಾಗ ಆಗಿನ ವಿಜಯಪುರ ಜಿಲ್ಲೆಯ ಬೀಳಗಿಯ ಸಹೋದರಿಯರನ್ನು ಬಿಡಲಾಗದು. ಅಮೀರಬಾಯಿ ಕರ್ನಾಟಕಿ ಮುಂಬಯಿಗೆ ಹೋಗಿ ‘ಕಿಸ್ಮತ್’ (1943) ಚಿತ್ರದ ಹಾಡುಗಳಿಂದ ದೇಶಕ್ಕೇ ಪರಿಚಿತರಾದರು. ಗೋಹರಬಾಯಿ, ಪುರುಷರೇ ಸ್ತ್ರೀ ಪಾತ್ರ ಮಾಡಿ ಖ್ಯಾತಿಯ ತುದಿ ಮುಟ್ಟಿದ್ದ ಬಾಲಗಂಧರ್ವರ ಕಂಪನಿಯಲ್ಲಿ ನಾಯಕಿಯಾದರು. ಸ್ತ್ರೀ ಪಾತ್ರ ಯಾರದು ಎಂಬ ವಾದಕ್ಕೆ ಬೀಳಗಿಯ ಮಗಳೊಬ್ಬಳು ಪುಣೆ, ಮುಂಬಯಿಯ ರಂಗದ ಮೇಲೆಯೇ ಉತ್ತರ ಕೊಟ್ಟಂತಾಯಿತು.

ಪರದೆಯಿಂದ ರಂಗಕ್ಕೆ ಬಂದ ಎಲ್ಲರ ಕಥೆಯೂ ಸುಖದ್ದಲ್ಲ. ‘ಶರಪಂಜರ’ದ (1971) ಕಲ್ಪನಾ ಚಿತ್ರಗಳು ಕಡಿಮೆಯಾದಾಗ ಗುಡಗೇರಿ ಕಂಪನಿಯ ನಾಟಕಗಳಲ್ಲಿ ಅಭಿನಯಿಸಿದರು. 1979ರ ಮೇ ತಿಂಗಳಲ್ಲಿ ಸಂಕೇಶ್ವರದ ಬಳಿಯ ಗೋಟೂರಿನಲ್ಲಿ ತೀರಿಕೊಂಡರು. ಆ ತಾರೆಯನ್ನು ಹತ್ತಿರದಿಂದ ಕಂಡ ಉತ್ತರ ಕರ್ನಾಟಕದ ಹಿರಿಯ ಪ್ರೇಕ್ಷಕರು ಇಂದಿಗೂ ಅವರ ಮಾತು ತೆಗೆದರೆ ದನಿ ತಗ್ಗಿಸುತ್ತಾರೆ.

ಇಂದು ಬಾದಾಮಿಯ ಬನಶಂಕರಿ ಜಾತ್ರೆಯಲ್ಲಿ ಕಂಪನಿಗಳು ಸಾಲಾಗಿ ಟೆಂಟು ಹಾಕಿದಾಗ ಸಿನಿಮಾ, ಟಿವಿ ಹಾಸ್ಯ ಕಾರ್ಯಕ್ರಮಗಳ ಮುಖಗಳು ಬೋರ್ಡಿನ ಮೇಲೆ ದೊಡ್ಡದಾಗಿರುತ್ತವೆ. ಮಾಲೀಕರನ್ನು ಇದಕ್ಕಾಗಿ ದೂರುವುದು ಸಲ್ಲದು. ಕಲಾವಿದರ ಸಂಬಳ, ಜಾಗದ ಬಾಡಿಗೆ, ಕರೆಂಟಿನ ಖರ್ಚು ಎಲ್ಲವೂ ಆ ರಾತ್ರಿಯ ಟಿಕೆಟ್ಟಿನಿಂದಲೇ ಹುಟ್ಟಬೇಕು. ಆದರೆ ಬೋರ್ಡಿನ ಮೇಲಿನ ಮುಖ ಅರ್ಧ ತಾಸು ಬಂದು ಹೋದ ಮೇಲೆ ನಾಟಕವನ್ನು ಬೆಳಗಿನ ಜಾವದವರೆಗೆ ಎಳೆಯುವವರು ಕಂಪನಿಯ ಕಲಾವಿದರು. ಪ್ರೇಕ್ಷಕರು ಊರಿಗೆ ಮರಳುವಾಗ ಆಡಿಕೊಳ್ಳುವುದೂ ಅವರ ಪಾತ್ರಗಳನ್ನೇ.

ಪಾತ್ರ ಹಂಚಿಕೆಯ ಈ ಚರಿತ್ರೆಗೆ ಹ್ಯಾಂಡ್‌ಬಿಲ್ಲಿಗಿಂತ ದೊಡ್ಡ ಆಕರವಿಲ್ಲ. ಯಾವ ಊರು, ಯಾವ ಜಾತ್ರೆ, ಯಾರ ಪಾತ್ರ, ಯಾವ ಮಾಸ್ತರರು, ಎಲ್ಲಿಯ ಕಲಾವಿದೆಯರು, ಯಾರ ಸೀನರಿ ಎಲ್ಲವೂ ಒಂದೇ ಹಾಳೆಯಲ್ಲಿರುತ್ತವೆ. ದೇವಣಗಾಂವ, ಸಿಂದಗಿ, ಇಂಡಿ, ತಾಳಿಕೋಟೆಯ ಕಡೆಯವರೇ, ನಿಮ್ಮ ಮನೆಯ ಟ್ರಂಕಿನಲ್ಲಿ ಅಂಥ ಹಾಳೆಗಳಾಗಲಿ, ಹಳೆಯ ನಾಟಕದ ಕ್ಯಾಸೆಟ್ಟುಗಳಾಗಲಿ ಇದ್ದರೆ ರದ್ದಿಗೆ ಹಾಕಬೇಡಿ. ಗೊತ್ತಿರುವ ವರ್ಷವನ್ನು ಹಿಂಬದಿಯಲ್ಲಿ ಬರೆದು, ಹತ್ತಿರದ ಕಾಲೇಜಿನ ಕನ್ನಡ ವಿಭಾಗಕ್ಕೆ ಒಂದು ಪ್ರತಿ ಕೊಡಿ.