ಆಟಿಸಂ ಮಕ್ಕಳು ಮತ್ತು ಯಂತ್ರಗಳು: ಅರ್ಧ ಶತಮಾನದ ಕಥೆ

ಯುಗಾದಿಯ ದಿನ ನಮ್ಮ ಹಳೆಯ ಸ್ನೇಹಿತರೊಬ್ಬರ ಮನೆಗೆ ಹೋಗಿದ್ದೆ. ರಾಯಚೂರು ಕಡೆಯಿಂದ ಬಂದು ಹೈದರಾಬಾದಿನಲ್ಲಿ ಮೂರು ತಲೆಮಾರು ಕಂಡ ಮನೆ ಅದು. ಬೇವು-ಬೆಲ್ಲ ಕೈಗಿತ್ತ ಅಜ್ಜಿಯವರ ಮುಖ ಮಾತ್ರ ಎಂದಿನಂತಿರಲಿಲ್ಲ. ನಾಲ್ಕು ವರ್ಷದ ಮೊಮ್ಮಗ ಮೂಲೆಯಲ್ಲಿ ಕುಳಿತು, ಆಟಿಕೆಯ ಕಾರನ್ನು ಬೋರಲು ಹಾಕಿ, ಅದರ ಗಾಲಿಯನ್ನು ತಿರುಗಿಸುತ್ತಲೇ ಇದ್ದ. ಹೆಸರು ಹಿಡಿದು ಕರೆದರೂ ತಿರುಗಿ ನೋಡಲಿಲ್ಲ. ಆಟಿಸಂ ಎಂದು ವೈದ್ಯರು ಹೇಳಿದ್ದರು. ಮಗುವನ್ನು ಕರೆದೊಯ್ಯುತ್ತಿದ್ದ ಚಿಕಿತ್ಸಾ ಕೇಂದ್ರದಲ್ಲಿ ಬೆರಳಿನಿಂದ ಒತ್ತುವ ಟ್ಯಾಬ್ಲೆಟ್ ಇತ್ತು, ಗೊಂಬೆಯಂತಹ ಪುಟ್ಟ ರೋಬೋ ಇತ್ತು. ಎರಡೂ ಇಂಗ್ಲಿಷಿನಲ್ಲೇ ಮಾತನಾಡುತ್ತಿದ್ದವು. ಆದ್ದರಿಂದ ಮನೆಯಲ್ಲಿಯೂ ಎಲ್ಲರೂ ಮಗುವಿನೊಡನೆ ಇಂಗ್ಲಿಷನ್ನೇ ಆಡಬೇಕು, ಕನ್ನಡ ಬೆರೆಸಿದರೆ ಮಗು ಗೊಂದಲಕ್ಕೆ ಬೀಳುತ್ತದೆ ಎಂದು ಅಲ್ಲಿ ಹೇಳಿ ಕಳುಹಿಸಿದ್ದರಂತೆ.

"ನನಗ ಇಂಗ್ಲಿಷ್ ಬರಂಗಿಲ್ಲ. ಹಂಗಾರ ನಾ ಇನ್ನ ಕೂಸಿನ ಕೂಡ ಮಾತಾಡಬಾರದೇನ್ರೀ?" ಎಂದು ಅಜ್ಜಿ ಕೇಳಿದರು.

ಅಂದು ನನ್ನಲ್ಲಿ ಉತ್ತರವಿರಲಿಲ್ಲ. ನಾನು ವೈದ್ಯನಲ್ಲ. ಆದರೆ ಆ ಪ್ರಶ್ನೆ ನನ್ನನ್ನು ಬಿಡಲಿಲ್ಲ. ಈ ಯಂತ್ರಗಳು ಮಕ್ಕಳ ಬಳಿಗೆ ಹೇಗೆ ಬಂದವು, ಅವುಗಳಿಂದ ಏನಾಯಿತು ಎಂದು ಓದುತ್ತ ಹೋದೆ. ಇಂತಹ ಮಕ್ಕಳಿರುವ ಮನೆಗಳು ನಮ್ಮ ನಡುವೆಯೂ ಇರುವುದರಿಂದ, ತಿಳಿದದ್ದನ್ನು ವಾಚಕರ ಮುಂದಿಡುತ್ತಿದ್ದೇನೆ.

ತಾಯಂದಿರ ಮೇಲೆ ಬಂದ ಅಪವಾದ

ಆಟಿಸಂ ಎನ್ನುವುದು ಅಂಟುರೋಗವಲ್ಲ, ಹುಚ್ಚಲ್ಲ, ಪೂರ್ವಜನ್ಮದ ಕರ್ಮವೂ ಅಲ್ಲ. ಮಿದುಳು ಬೆಳೆಯುವ ರೀತಿಯಲ್ಲೇ ಇರುವ ಒಂದು ಭಿನ್ನತೆ. ಇದನ್ನು ಸ್ಪಷ್ಟವಾಗಿ ಗುರುತಿಸಿ ಬರೆದವರಲ್ಲಿ ಮೊದಲಿಗರೆಂದು ಹೆಸರಾದವರು ಅಮೆರಿಕದ ಬಾಲ್ಟಿಮೋರ್ ನಗರದಲ್ಲಿದ್ದ ಮಕ್ಕಳ ಮನೋವೈದ್ಯ ಲಿಯೋ ಕ್ಯಾನರ್. 1943ರಲ್ಲಿ ಅವರು 11 ಮಕ್ಕಳ ವಿವರ ಪ್ರಕಟಿಸಿದರು. ಎಂಟು ಗಂಡು, ಮೂರು ಹೆಣ್ಣು. ಈ ಮಕ್ಕಳು ಜನರೊಡನೆ ಬೆರೆಯುವುದಿಲ್ಲ, ಆದರೆ ವಸ್ತುಗಳೊಡನೆ ಚೆನ್ನಾಗಿ ಹೊಂದಿಕೊಳ್ಳುತ್ತಾರೆ. ದಿನಚರಿಯಲ್ಲಿ ಒಂದಿಷ್ಟು ವ್ಯತ್ಯಾಸವಾದರೂ ಸಹಿಸುವುದಿಲ್ಲ ಎಂಬುದನ್ನು ಅವರು ಗಮನಿಸಿದ್ದರು. ಗಾಲಿ ತಿರುಗಿಸುವ ನಮ್ಮ ಹುಡುಗನ ಚಿತ್ರ ಎಂಬತ್ತು ವರ್ಷಗಳ ಹಿಂದಿನ ಆ ಬರಹದಲ್ಲೇ ಇದೆ.

ಗಮನಿಸಿದ್ದು ಸರಿಯಾಗಿತ್ತು. ಅದಕ್ಕೆ ಆಮೇಲೆ ಕಟ್ಟಿದ ಅರ್ಥ ಮಾತ್ರ ತಪ್ಪಾಯಿತು. ಚಿಕಾಗೋದಲ್ಲಿ ಮಕ್ಕಳ ವಸತಿಶಾಲೆ ನಡೆಸುತ್ತಿದ್ದ ಬ್ರೂನೋ ಬೆಟಲ್‌ಹೈಮ್ 1959ರಲ್ಲಿ ಜೋಯಿ ಎಂಬ ಹೆಸರು ಕೊಟ್ಟು ಒಬ್ಬ ಹುಡುಗನ ಕಥೆ ಬರೆದರು. ತಾನು ಯಂತ್ರದಿಂದ ನಡೆಯುತ್ತೇನೆಂದು ಆ ಹುಡುಗ ನಂಬಿದ್ದ. ಊಟಕ್ಕೆ ಕೂರುವ ಮುನ್ನ, ಇಲ್ಲದ ತಂತಿಯೊಂದನ್ನು ಹಾಸಿ ತನ್ನನ್ನು ವಿದ್ಯುತ್ತಿಗೆ ಜೋಡಿಸಿಕೊಳ್ಳುವ ಅಭಿನಯ ಮಾಡುತ್ತಿದ್ದ. ತಂದೆತಾಯಿಯರ ಪ್ರೀತಿ ಸಿಗದ ಮಗು ಯಂತ್ರದ ಮರೆ ಹೊಕ್ಕಿದೆ ಎಂದು ಬೆಟಲ್‌ಹೈಮ್ ವಾದಿಸಿದರು. 1967ರ ಅವರ ಪುಸ್ತಕದಿಂದ ಈ ವಾದ ಇನ್ನಷ್ಟು ಹರಡಿತು. ಮಂಜಿನಂತೆ ತಣ್ಣಗಿರುವ ತಾಯಿಯೇ ಮಗುವಿನ ಸ್ಥಿತಿಗೆ ಕಾರಣ ಎಂಬ ಅಪವಾದವನ್ನು ಎಷ್ಟೋ ತಾಯಂದಿರು ಹೊರಬೇಕಾಯಿತು. ಆಟಿಸಂ ಇದ್ದ ಮಗನ ತಂದೆಯೂ ಮನಶ್ಶಾಸ್ತ್ರಜ್ಞರೂ ಆಗಿದ್ದ ಬರ್ನಾರ್ಡ್ ರಿಮ್‌ಲ್ಯಾಂಡ್ 1964ರಲ್ಲೇ ಇದನ್ನು ಖಂಡಿಸಿ, ಇದರ ಮೂಲ ಶರೀರದಲ್ಲಿದೆ, ತಾಯಿಯ ಮನಸ್ಸಿನಲ್ಲಲ್ಲ ಎಂದು ಪುಸ್ತಕ ಬರೆದಿದ್ದರು. ಕೊನೆಗೆ ನಿಂತದ್ದು ಅವರ ಮಾತೇ.

ಹೀಗೆ ಆ ಕಾಲದಲ್ಲಿ ಮಗುವಿಗೆ ಯಂತ್ರದ ಮೇಲಿದ್ದ ಒಲವೇ ದೊಡ್ಡ ದೋಷವಾಗಿ ಕಂಡಿತ್ತು. ಆ ಒಲವನ್ನೇ ಬಾಗಿಲಾಗಿ ಬಳಸಬಾರದೇಕೆ ಎಂದು ಕೇಳುವವರು ಇನ್ನೂ ವಿರಳವಾಗಿದ್ದರು.

ಎಡಿನ್‌ಬರೊದ ಆಮೆ

ಹಾಗೆ ಕೇಳಿದವರಲ್ಲಿ ಒಬ್ಬರು ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಕೆನೆತ್ ಕೋಲ್ಬಿ. 1960ರ ದಶಕದ ಕೊನೆಯಲ್ಲಿ ಅವರು ಮಾತು ಬಾರದ ಮಕ್ಕಳನ್ನು ಗಣಕಯಂತ್ರದ ಮುಂದೆ ಕೂರಿಸಿದರು. ಮಗು ಕೀಲಿ ಒತ್ತಿದರೆ ಪರದೆಯ ಮೇಲೆ ಅಕ್ಷರವೋ ಚಿತ್ರವೋ ಮೂಡುತ್ತಿತ್ತು, ಧ್ವನಿ ಕೇಳಿಸುತ್ತಿತ್ತು. ಎಷ್ಟು ಸಲ ಒತ್ತಿದರೂ ಯಂತ್ರಕ್ಕೆ ಬೇಸರವಿಲ್ಲ, ಸಿಟ್ಟಿಲ್ಲ. 17 ಮಕ್ಕಳಲ್ಲಿ 13 ಮಂದಿಯ ಭಾಷೆ ಸುಧಾರಿಸಿತೆಂದು ಅವರು ಬರೆದರು. ಇಂದಿನ ಕಟ್ಟುನಿಟ್ಟಿನ ಪರೀಕ್ಷಾಕ್ರಮ ಅದರಲ್ಲಿರಲಿಲ್ಲವಾದರೂ ದಾರಿಯೊಂದು ಕಾಣಿಸಿತು.

ಮುಂದಿನ ಹೆಜ್ಜೆ ಬಿದ್ದದ್ದು ಸ್ಕಾಟ್ಲೆಂಡಿನ ಎಡಿನ್‌ಬರೊದಲ್ಲಿ. ಅಮೆರಿಕದ ಸೀಮೋರ್ ಪೇಪರ್ಟ್ ಮತ್ತು ಅವರ ಸಂಗಡಿಗರು ಮಕ್ಕಳಿಗಾಗಿ 1967ರಲ್ಲಿ ಲೋಗೋ ಎಂಬ ಗಣಕ ಭಾಷೆಯನ್ನು ರೂಪಿಸಿದ್ದರು. ಅದರ ಅಪ್ಪಣೆಯಂತೆ ನೆಲದ ಮೇಲೆ ಓಡಾಡುವ, ಗಾಲಿಗಳಿದ್ದ ಪುಟ್ಟ ಯಂತ್ರಕ್ಕೆ ಆಮೆ ಎಂದು ಹೆಸರು. ಮುಂದೆ ಎಂದರೆ ಮುಂದೆ, ತಿರುಗು ಎಂದರೆ ತಿರುಗುವುದು. ಸಿಲ್ವಿಯಾ ವೇರ್ ಮತ್ತು ರಿಕಿ ಇಮ್ಯಾನ್ಯುಯೆಲ್ ಎಂಬ ಇಬ್ಬರು ಈ ಆಮೆಯನ್ನು ಆಟಿಸಂ ಇದ್ದ ಏಳು ವರ್ಷದ ಹುಡುಗನ ಕೈಗೆ ಕೊಟ್ಟರು. ಅದರ ವರದಿ 1976ರಲ್ಲಿ ಹೊರಬಂತು. ಗುಂಡಿ ಒತ್ತಿ ಆಮೆಯನ್ನು ಓಡಿಸಿದ ಹುಡುಗ ಅಷ್ಟಕ್ಕೇ ನಿಲ್ಲಲಿಲ್ಲ; ತಾನು ಮಾಡಿಸಿದ್ದನ್ನು ಪಕ್ಕದಲ್ಲಿದ್ದವರೊಡನೆ ಹಂಚಿಕೊಳ್ಳಲು ತೊಡಗಿದ.

ಒಂದೇ ಮಗುವಿನ ವರದಿಯಾದ್ದರಿಂದ ಇದರಿಂದ ನಿಯಮ ಮಾಡಲಾಗದು. ಆದರೆ ನನಗೆ ಇಡೀ ಕಥೆಯ ತಿರುಳು ಇಲ್ಲಿಯೇ ಇದೆ ಎನಿಸುತ್ತದೆ. ಸಾಮಾನ್ಯ ಮಗು ವರ್ಷ ತುಂಬುವ ಹೊತ್ತಿಗೆ ಕಾಗೆಯನ್ನು ನೋಡಿ, ಬೆರಳು ತೋರಿಸಿ, ಮತ್ತೆ ತಾಯಿಯ ಮುಖ ನೋಡುತ್ತದೆ. 'ಅಮ್ಮಾ, ನೋಡು' ಎನ್ನುವುದೇ ಅದರ ಅರ್ಥ. ಮಾತಿಗೆ ಮುಂಚಿನ ಮಾತು ಅದು. ಆಟಿಸಂ ಮಕ್ಕಳಲ್ಲಿ ಹೆಚ್ಚಾಗಿ ತಡವಾಗುವುದು ಇದೇ. ಎಡಿನ್‌ಬರೊದ ಆಮೆಯ ಮಹತ್ವವಿದ್ದದ್ದು ಅದು ಹುಡುಗನಿಗೆ 'ನೋಡು' ಎನ್ನಲು ಒಂದು ಕಾರಣ ಕೊಟ್ಟಿತು ಎಂಬುದರಲ್ಲಿ. ಪಕ್ಕದಲ್ಲಿ ಯಾರೂ ಇಲ್ಲದಿದ್ದರೆ ಅವನು ಯಾರಿಗೆ ತೋರಿಸಬೇಕಿತ್ತು?

ಗೊಂಬೆ ರೋಬೋಗಳು

1998ರಲ್ಲಿ ಇಂಗ್ಲೆಂಡಿನಲ್ಲಿ ಕೆರ್ಸ್ಟಿನ್ ಡೌಟನ್‌ಹಾನ್ ಅವರು ಅರೋರಾ ಎಂಬ ಯೋಜನೆ ಆರಂಭಿಸಿದರು. ಅದರ ಮುಂದುವರಿಕೆಯಾಗಿ ಹರ್ಟ್‌ಫರ್ಡ್‌ಶೈರ್ ವಿಶ್ವವಿದ್ಯಾಲಯದಲ್ಲಿ 2005ರಲ್ಲಿ ಕ್ಯಾಸ್ಪರ್ ಎಂಬ ಗೊಂಬೆ ರೋಬೋ ಸಿದ್ಧವಾಯಿತು. ಮಗುವಿನಷ್ಟೇ ಗಾತ್ರ, ಮುಖದಲ್ಲಿ ಬೇಕೆಂದೇ ಭಾವಗಳು ಕಡಿಮೆ. ಮನುಷ್ಯನ ಮುಖದಲ್ಲಿ ಕ್ಷಣಕ್ಷಣಕ್ಕೂ ಬದಲಾಗುವ ನೂರು ಸೂಚನೆಗಳು ಈ ಮಕ್ಕಳಿಗೆ ಹೊರೆಯಾಗುತ್ತವೆ. ಗೊಂಬೆ ನಕ್ಕರೆ ಪ್ರತಿ ಸಲವೂ ಅದೇ ನಗು. ಫ್ರಾನ್ಸಿನ ಅಲ್ಡೆಬರಾನ್ ಕಂಪನಿಯ, 58 ಸೆಂಟಿಮೀಟರ್ ಎತ್ತರದ ನಾವೋ ಎಂಬ ರೋಬೋ ಹಲವು ದೇಶಗಳ ಪ್ರಯೋಗಗಳಲ್ಲಿ ಬಳಕೆಯಾಯಿತು.

ಎಲ್ಲಕ್ಕಿಂತ ಗಮನಾರ್ಹವಾದದ್ದು ಅಮೆರಿಕದ ಯೇಲ್ ವಿಶ್ವವಿದ್ಯಾಲಯದ ಬ್ರಯನ್ ಸ್ಕ್ಯಾಸೆಲಾಟಿ ಮತ್ತು ಸಂಗಡಿಗರು 2018ರಲ್ಲಿ ಪ್ರಕಟಿಸಿದ ಪ್ರಯೋಗ. 12 ಮಕ್ಕಳ ಮನೆಗಳಲ್ಲಿ ಒಂದು ತಿಂಗಳು ರೋಬೋ ಇಟ್ಟು, ದಿನಕ್ಕೆ ಅರ್ಧ ಗಂಟೆ ಆಟ ಆಡಿಸಿದರು. ರೋಬೋ ಇಲ್ಲದಾಗಲೂ ಮಕ್ಕಳು ದೊಡ್ಡವರೊಡನೆ ಗಮನ ಹಂಚಿಕೊಳ್ಳುವುದು ಸುಧಾರಿಸಿತು. ಆದರೆ ಒಂದು ಅಂಶವನ್ನು ಮರೆಯಬಾರದು: ಆ ಆಟಗಳಲ್ಲಿ ಮಗುವಿನ ಜೊತೆಗೆ ಮನೆಯ ಹಿರಿಯರೊಬ್ಬರು ಕುಳಿತಿರುತ್ತಿದ್ದರು. ರೋಬೋ ಕೆಲವೊಮ್ಮೆ ಮಗುವಿನ ನೋಟವನ್ನು ಅವರ ಕಡೆಗೇ ತಿರುಗಿಸುತ್ತಿತ್ತು. ಎಡಿನ್‌ಬರೊದ ಪಾಠವೇ ಮತ್ತೆ ಬಂತು.

ಇಂತಹ ಪ್ರಯೋಗಗಳಲ್ಲಿ ಹೆಚ್ಚಿನವು ಕೆಲವೇ ಮಕ್ಕಳ ಮೇಲೆ, ಕೆಲವೇ ವಾರಗಳು ನಡೆದವು. ಯಂತ್ರದ ಮುಂದೆ ಕಲಿತದ್ದು ಅಂಗಳಕ್ಕೂ ಶಾಲೆಗೂ ಎಷ್ಟು ದಾಟುತ್ತದೆ ಎಂಬುದು ಈಗಲೂ ಚರ್ಚೆಯಲ್ಲಿದೆ. ಇನ್ನೊಂದು ಮಾತು: ನಾವೋ ತಯಾರಿಸಿದ ಆ ಕಂಪನಿಯೇ 2025ರಲ್ಲಿ ದಿವಾಳಿಯಾಯಿತು. ಮಗುವಿನ ಕಲಿಕೆಯೆಲ್ಲವನ್ನೂ ಒಂದು ಗೊಂಬೆಯ ಮೇಲೆ ಹೊರಿಸುವವರು ಇದನ್ನು ನೆನಪಿಡುವುದು ಒಳ್ಳೆಯದು.

ನಮ್ಮ ನಗರದಲ್ಲಿ

ಈಗ ನಮ್ಮೂರಿಗೆ ಬರೋಣ. ಸಿಕಂದರಾಬಾದಿನ ಬೋಯಿನ್‌ಪಲ್ಲಿ ಬಳಿಯ ಮನೋವಿಕಾಸನಗರದಲ್ಲಿ 1984ರಲ್ಲಿ ಕೇಂದ್ರ ಸರ್ಕಾರ ಬುದ್ಧಿಮಾಂದ್ಯರ ರಾಷ್ಟ್ರೀಯ ಸಂಸ್ಥೆಯನ್ನು ಸ್ಥಾಪಿಸಿತು. ಹೆಸರು ಈಗ ಬದಲಾಗಿ, ಬೌದ್ಧಿಕ ಅಂಗವಿಕಲರ ಸಬಲೀಕರಣದ ರಾಷ್ಟ್ರೀಯ ಸಂಸ್ಥೆ ಎಂದಾಗಿದೆ. ಈ ಸಂಸ್ಥೆ 2009ರಲ್ಲಿ ಆಟಿಸಂ ಅಳೆಯಲು ಭಾರತದ್ದೇ ಆದ ಒಂದು ಮಾಪನವನ್ನು ಹೊರತಂದಿತು. ಒಟ್ಟು 40 ಅಂಶಗಳು. ಒಂದೊಂದಕ್ಕೂ 1ರಿಂದ 5ರವರೆಗೆ ಅಂಕ. ಮೊತ್ತ 70ಕ್ಕಿಂತ ಕಡಿಮೆಯಿದ್ದರೆ ಆಟಿಸಂ ಇಲ್ಲವೆಂದು ಎಣಿಕೆ. ಪ್ರಮಾಣಪತ್ರ ಕೊಡಲು ಈ ಮಾಪನವನ್ನೇ ಬಳಸಬೇಕೆಂದು 2016ರಲ್ಲಿ ಕೇಂದ್ರ ಸರ್ಕಾರ ಅಧಿಸೂಚನೆ ಹೊರಡಿಸಿತು.

ಪ್ರಮಾಣಪತ್ರದ ಮಾತು ಸಣ್ಣದಲ್ಲ. 1995ರ ಅಂಗವಿಕಲರ ಕಾಯಿದೆಯಲ್ಲಿ ಆಟಿಸಂ ಹೆಸರೇ ಇರಲಿಲ್ಲ. 1999ರ ರಾಷ್ಟ್ರೀಯ ನ್ಯಾಸ ಕಾಯಿದೆ ಅದನ್ನು ಸೇರಿಸಿತು. 2016ರ ಕಾಯಿದೆಯ 21 ವೈಕಲ್ಯಗಳಲ್ಲಿ ಅದೂ ಒಂದಾಯಿತು. 2021ರಲ್ಲಿ ಸಿಕಂದರಾಬಾದಿನ ಸಂಸ್ಥೆಯಲ್ಲಿ, ಎಲ್ಲ ಬಗೆಯ ತೊಂದರೆಗಳನ್ನೂ ಎಳವೆಯಲ್ಲೇ ಗುರುತಿಸಿ ನೆರವಾಗುವ ಕೇಂದ್ರವೂ ಆರಂಭವಾಯಿತು.

ಇಂತಹ ಮಕ್ಕಳು ನಮ್ಮಲ್ಲಿ ಎಷ್ಟು ಮಂದಿ? 2018ರಲ್ಲಿ ಪ್ರಕಟವಾದ ಒಂದು ಅಧ್ಯಯನ ದೇಶದ ಐದು ಕಡೆ 2ರಿಂದ 9 ವರ್ಷದೊಳಗಿನ 3,964 ಮಕ್ಕಳನ್ನು ಪರೀಕ್ಷಿಸಿತ್ತು. ಆ ಐದರಲ್ಲಿ ಹೈದರಾಬಾದೂ ಒಂದು. ಆಟಿಸಂ ಸುಮಾರು ನೂರಕ್ಕೆ ಒಂದು ಮಗುವಿನಲ್ಲಿ ಕಂಡಿತು. ನಮ್ಮ ರಾಜ್ಯೋತ್ಸವಕ್ಕೆ ನೂರು ಮಕ್ಕಳು ಬಂದರೆ, ಧ್ವನಿವರ್ಧಕದ ಸದ್ದಿಗೆ ಕಿವಿ ಮುಚ್ಚಿಕೊಂಡು ಅಳುವ ಮಗುವೊಂದು ಅವರಲ್ಲಿರಬಹುದು. ಅದನ್ನು ಹಠಮಾರಿ ಎನ್ನುವ ಮುನ್ನ ಯೋಚಿಸೋಣ.

ಭಾರತದಲ್ಲಿಯೂ ಯಂತ್ರಗಳ ಕೆಲಸ ನಡೆದಿದೆ. ಗಾಂಧಿನಗರದ ಐಐಟಿಯಲ್ಲಿ ಉತ್ತಮಾ ಲಾಹಿರಿಯವರು, ಮಗು ಎಲ್ಲಿ ನೋಡುತ್ತಿದೆ ಎಂಬುದನ್ನು ಗ್ರಹಿಸಿ ಅದಕ್ಕೆ ತಕ್ಕಂತೆ ಬದಲಾಗುವ ಪರದೆಯ ಆಟಗಳ ಮೇಲೆ ಸಂಶೋಧನೆ ಮಾಡಿದ್ದಾರೆ. ಚೆನ್ನೈನ ಅಜಿತ್ ನಾರಾಯಣನ್ ಅವರು 2010ರ ಸುಮಾರಿಗೆ ಆವಾಜ್ ಎಂಬ ಸಾಧನ ತಂದರು. ಮಾತು ಬಾರದ ಮಗು ಚಿತ್ರ ಒತ್ತಿದರೆ ಯಂತ್ರ ಆ ಮಾತನ್ನು ನುಡಿಯುತ್ತದೆ. ಮೊದಲು ಪ್ರತ್ಯೇಕ ಪೆಟ್ಟಿಗೆಯಾಗಿದ್ದದ್ದು ಆಮೇಲೆ ಟ್ಯಾಬ್ಲೆಟ್ಟಿಗೆ ಬಂತು. ಭಾರತೀಯ ಭಾಷೆಗಳಲ್ಲಿಯೂ ಬಂತು, ಕನ್ನಡವೂ ಅವುಗಳಲ್ಲಿ ಸೇರಿದೆ. ಯಂತ್ರಕ್ಕೆ ಇಂಗ್ಲಿಷ್ ಒಂದೇ ಬರುತ್ತದೆ ಎನ್ನುವ ಕಾಲ ಹೀಗೆ ಕಳೆದುಹೋಗಿದೆ.

ಯಂತ್ರವಿಲ್ಲದೆಯೂ ದೊಡ್ಡ ಕೆಲಸವಾಗಿದೆ ಎಂಬುದನ್ನು ಹೇಳದಿದ್ದರೆ ತಪ್ಪಾದೀತು. ಬೆಂಗಳೂರಿನಲ್ಲಿ ವಾಕ್-ಭಾಷಾ ತಜ್ಞೆ ಡಾ. ಪ್ರತಿಭಾ ಕಾರಂತ ಅವರು 2000ದಲ್ಲಿ ಆರಂಭಿಸಿದ ಕಾಮ್-ಡೀಲ್ ಕ್ರಮ, ಶಾಲೆಗೆ ಸೇರುವ ಮುನ್ನವೇ ಮಕ್ಕಳನ್ನು ಸಿದ್ಧಗೊಳಿಸುವುದರಲ್ಲಿ ಹೆಸರಾಗಿದೆ. ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿಯೂ ಈ ಮಕ್ಕಳಿಗೆ ನೆರವು ದೊರೆಯುತ್ತದೆ. ಊರಿಗೆ ಹೋದಾಗ ಕನ್ನಡದಲ್ಲೇ ಸಲಹೆ ಪಡೆಯಬೇಕೆನ್ನುವವರು ಇದನ್ನು ಗಮನಿಸಬಹುದು.

ಅಜ್ಜಿಯ ಪ್ರಶ್ನೆಗೆ ಉತ್ತರ

ಎರಡು ಭಾಷೆ ಕೇಳಿದರೆ ಆಟಿಸಂ ಮಗು ಗೊಂದಲಕ್ಕೆ ಬೀಳುತ್ತದೆಯೇ? ಕೆನಡಾದ ಮಾಂಟ್ರಿಯಲ್ ನಗರದಲ್ಲಿ ಹ್ಯಾಂಬ್ಲಿ ಮತ್ತು ಫಾಂಬಾನ್ ಎಂಬ ಸಂಶೋಧಕರು 75 ಮಕ್ಕಳನ್ನು ಪರಿಶೀಲಿಸಿ 2012ರಲ್ಲಿ ಫಲಿತಾಂಶ ಪ್ರಕಟಿಸಿದರು. ಎರಡು ಭಾಷೆಯ ಮನೆಯ ಮಕ್ಕಳು ಒಂದೇ ಭಾಷೆಯ ಮನೆಯ ಮಕ್ಕಳಿಗಿಂತ ಭಾಷೆಯಲ್ಲಿ ಹೆಚ್ಚು ಹಿಂದುಳಿದಿರಲಿಲ್ಲ. ಬೇರೆ ಅಧ್ಯಯನಗಳೂ ಇದೇ ದಿಕ್ಕಿನಲ್ಲಿವೆ. ಕನ್ನಡ ಬಿಡಿ ಎಂಬ ಸಲಹೆಗೆ ಇವುಗಳಲ್ಲಿ ಆಧಾರವಿಲ್ಲ.

ಹೈದರಾಬಾದಿನ ಕನ್ನಡಿಗರಿಗೆ ಇದನ್ನು ಹೊರಗಿನವರು ಹೇಳಬೇಕಾಗಿಯೂ ಇಲ್ಲ. 1918ರಲ್ಲಿ ಆರಂಭವಾದ ಉಸ್ಮಾನಿಯಾ ವಿಶ್ವವಿದ್ಯಾಲಯದಲ್ಲಿ ಬೋಧನೆ ಉರ್ದುವಿನಲ್ಲಿತ್ತು. ಬೀದರ, ಗುಲ್ಬರ್ಗಾ, ರಾಯಚೂರುಗಳು 1956ರವರೆಗೆ ಹೈದರಾಬಾದಿಗೇ ಸೇರಿದ್ದವು. ನಮ್ಮ ಹಿರಿಯರು ಉರ್ದುವಿನಲ್ಲಿ ಓದಿ, ಪೇಟೆಯಲ್ಲಿ ತೆಲುಗು ಆಡಿ, ಮನೆಯಲ್ಲಿ ಕನ್ನಡದಲ್ಲಿ ಬದುಕಿದರು. ಈ ಮಗು ಬೇರೆ ರೀತಿಯದು, ನಿಜ. ಆದರೆ ಅದರೊಡನೆ ಮಾತನಾಡುವವರು ಮನೆಯಲ್ಲಿ ಕಡಿಮೆಯಾದರೆ ಅದಕ್ಕೆ ಲಾಭವೇನು? ಬಾರದ ಇಂಗ್ಲಿಷಿನಲ್ಲಿ ನಾಲ್ಕು ಪದ ತಡವರಿಸುವ ಅಜ್ಜಿಗಿಂತ, ತನ್ನ ಭಾಷೆಯಲ್ಲಿ ಹಾಡುವ ಅಜ್ಜಿ ಮಗುವಿಗೆ ಹೆಚ್ಚು ಕೊಡಬಲ್ಲಳು.

ಯಂತ್ರ ಬೇಡವೆಂದು ನಾನು ಹೇಳುತ್ತಿಲ್ಲ. ಒಳ್ಳೆಯ ಚಿಕಿತ್ಸಕರ ಕೈಯಲ್ಲಿ ಅದು ಒಳ್ಳೆಯ ಸಾಧನ. ಆದರೆ ಹಣ ಕಟ್ಟುವ ಮುನ್ನ ತಂದೆತಾಯಿಯರು ಮೂರು ಪ್ರಶ್ನೆ ಕೇಳಲಿ: ಯಂತ್ರದ ಮುಂದೆ ಮಗುವಿನ ಪಕ್ಕದಲ್ಲಿ ಯಾರು ಕೂರುತ್ತಾರೆ? ಇಲ್ಲಿ ಕಲಿತದ್ದನ್ನು ಮನೆಯಲ್ಲಿ ಹೇಗೆ ಮುಂದುವರಿಸಬೇಕು? ನಮ್ಮ ಮನೆಮಾತಿಗೆ ಇದರಲ್ಲಿ ಸ್ಥಳವಿದೆಯೇ? ಮಗು ಸುಮ್ಮನಿರಲೆಂದು ಕೈಗೆ ಫೋನು ಕೊಡುವುದು ಚಿಕಿತ್ಸೆಯಲ್ಲ ಎಂಬುದನ್ನೂ ನೆನಪಿಡಲಿ. 2ರಿಂದ 4 ವರ್ಷದ ಮಕ್ಕಳಿಗೆ ದಿನಕ್ಕೆ ಒಂದು ಗಂಟೆಗಿಂತ ಹೆಚ್ಚು ಪರದೆ ಬೇಡವೆಂದು ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿಯೇ ಹೇಳಿದೆ.

ಇಷ್ಟನ್ನು ತಿಳಿದುಕೊಂಡು ಆ ಮನೆಗೆ ಮತ್ತೆ ಹೋಗಿದ್ದೆ. ಅಜ್ಜಿ ನೆಲದ ಮೇಲೆ ಕುಳಿತಿದ್ದರು. ಹುಡುಗ ಎಂದಿನಂತೆ ಗಾಲಿ ತಿರುಗಿಸುತ್ತಿದ್ದ. ನಾನು ಹೇಳಿದ್ದನ್ನೆಲ್ಲ ಕೇಳಿ, ಅಜ್ಜಿ ಇನ್ನೊಂದು ಕಾರನ್ನು ಬೋರಲು ಹಾಕಿ ತಾವೂ ಅದರ ಗಾಲಿ ತಿರುಗಿಸಿದರು. "ತಿರಗಲಿ, ತಿರಗಲಿ, ಗಾಲಿ ತಿರಗಲಿ" ಎಂದು ಮೆಲ್ಲಗೆ ರಾಗವೆಳೆದರು. ಹುಡುಗ ಅವರ ಮುಖ ನೋಡಲಿಲ್ಲ. ಅವರ ಕೈಯನ್ನು ನೋಡಿದ. ಸ್ವಲ್ಪ ಹೊತ್ತಾದ ಮೇಲೆ, ತನ್ನ ಕಾರನ್ನು ಅವರ ಕಾರಿನ ಪಕ್ಕಕ್ಕೆ ಸರಿಸಿದ.