ಗಜಕರ್ಣ

ಇಂಡಿ, ಸಿಂದಗಿ ಕಡೆ ಚರ್ಮದ ಮೇಲೆ ಉಂಗುರದಂತೆ ಏಳುವ ತುರಿಕೆಗೆ ಗಜಕರ್ಣ ಅಂತಾರೆ. ಭೀಮಾ ದಾಟಿ ಸೊಲ್ಲಾಪುರಕ್ಕೆ ಹೋದರೆ ಮರಾಠಿಯಲ್ಲೂ ಅದೇ ಹೆಸರು. ಮೈಸೂರು ಸೀಮೆಯ ಹುಳುಕಡ್ಡಿಯೂ ಇದೇ, ಆದರೆ ಅದರಲ್ಲಿ ಹುಳುವೇ ಇಲ್ಲ, ಇರುವುದು ಶಿಲೀಂಧ್ರ. ನನಗೆ ಗಜಕರ್ಣವೇ ಮೆಚ್ಚು. ಆನೆಕಿವಿ ಎಂದು ಹೆಸರಿಟ್ಟವರು ಅಂಚನ್ನು ಸರಿಯಾಗಿ ನೋಡಿದ್ದಾರೆ. ನಡುವೆ ಚರ್ಮ ತಿಳಿಯಾಗಿ, ಸುತ್ತ ಕೆಂಪಗೆ ಉಬ್ಬಿದ ಅಂಕುಡೊಂಕು ಅಂಚು ದಿನದಿನಕ್ಕೆ ಹೊರಗೆ ಸರಿಯುತ್ತದೆ. ಶಿಲೀಂಧ್ರದ ಜೋರೆಲ್ಲ ಅಲ್ಲೇ. ಅಲ್ಲಿಂದ ಹೊಟ್ಟು ಕೆರೆದು, ಪೊಟ್ಯಾಸಿಯಂ ಹೈಡ್ರಾಕ್ಸೈಡ್ ಹನಿಸಿ ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಕವಲೊಡೆದ ಎಳೆಗಳು ಕಾಣುತ್ತವೆ.

ಅಗರಖೇಡದಂಥ ಊರಲ್ಲಿ ಬಿಸಿಲಿಗೆ ಬೆವೆತು ದುಡಿಯುವವರಿಗೆ ಇದು ಏಳುವುದು ಹೆಚ್ಚಾಗಿ ತೊಡೆಸಂದಿಯಲ್ಲಿ. ತೋರಿಸಲು ನಾಚಿಕೆ. “ತುರಕಿಗೆ ಒಂದ್ ಟ್ಯೂಬ್ ಕೊಡ್ರಿ” ಎಂದು ಅಂಗಡಿಯಲ್ಲೇ ಮಾತು ಮುಗಿಸುತ್ತಾರೆ. ಅಂಥ ಎಷ್ಟೋ ಟ್ಯೂಬುಗಳಲ್ಲಿ ಸ್ಟೀರಾಯ್ಡ್ ಬೆರೆತಿರುತ್ತದೆ. ಎರಡೇ ದಿನಕ್ಕೆ ತುರಿಕೆ ತಗ್ಗುತ್ತದೆ, ಕೆಂಪು ಮಾಯುತ್ತದೆ, ಅಂಚೂ ಅಳಿಸುತ್ತದೆ; ಶಿಲೀಂಧ್ರ ಮಾತ್ರ ಒಳಗೊಳಗೆ ಹಬ್ಬುತ್ತದೆ. ಆಮೇಲೆ ಅನುಭವಿ ಡಾಕ್ಟರಿಗೂ ಗುರುತು ಹತ್ತುವುದು ಕಷ್ಟ. ಈ ವೇಷ ಮರೆಸಿದ ರೋಗಕ್ಕೆ 1968ರಲ್ಲೇ ಟಿನಿಯಾ ಇನ್‌ಕಾಗ್ನಿಟೊ ಎಂದು ಹೆಸರಿಟ್ಟರು. ಆನೆಕಿವಿಯ ಆಕಾರವೇ ಹೋದ ಮೇಲೆ ನಮ್ಮ ಹೆಸರಿಗೆ ಹಿಡಿಯಲು ಏನೂ ಉಳಿಯುವುದಿಲ್ಲ. “ಇದು ಗಜಕರ್ಣ ಅಲ್ಲ ಬಿಡ್ರಿ, ಅಲರ್ಜಿ” ಎಂದುಕೊಂಡು ಮತ್ತೊಂದು ಟ್ಯೂಬ್ ಕೊಳ್ಳುತ್ತಾರೆ. ನನ್ನನ್ನು ಕಾಡುವುದು ಇದೇ. 2018ರಲ್ಲಿ ಕೇಂದ್ರ ಸರ್ಕಾರ ಇಂಥ ಸ್ಟೀರಾಯ್ಡ್ ಮುಲಾಮುಗಳಿಗೆ ಡಾಕ್ಟರ ಚೀಟಿ ಕಡ್ಡಾಯ ಮಾಡಿತು. ಆ ಕಾಯಿದೆ ಹಳ್ಳಿಯ ಅಂಗಡಿಯ ಕಟ್ಟೆಯನ್ನೂ ಹತ್ತಬೇಕು.

ಈಗ ಗಜಕರ್ಣಕ್ಕೆ ಕೊಡುವ ಟರ್ಬಿನಾಫಿನ್ ಗುಳಿಗೆಗೂ ಬಗ್ಗದ ಶಿಲೀಂಧ್ರ ಹಬ್ಬುತ್ತಿದೆ. 2020ರಲ್ಲಿ ಜಪಾನಿನ ಸಂಶೋಧಕರು ಅದಕ್ಕೆ ಟ್ರೈಕೊಫೈಟಾನ್ ಇಂಡೊಟಿನಿಯೆ ಎಂದು ನಮ್ಮ ದೇಶವನ್ನೇ ಹೆಸರಲ್ಲಿ ಸೇರಿಸಿದರು. ಇಂಥ ಶಿಲೀಂಧ್ರಕ್ಕೆ ಬೇರೆ ಗುಳಿಗೆಯನ್ನು ತಿಂಗಳುಗಟ್ಟಲೆ ನುಂಗಬೇಕಾಗಬಹುದು. ಅದು ಯಕೃತ್ತಿಗೆ ತೊಂದರೆ ಕೊಟ್ಟೀತೆಂದು ರಕ್ತಪರೀಕ್ಷೆ ಬರೆಯುತ್ತಾರೆ. “ತೊಗಲಿನ ಬ್ಯಾನಿಗೆ ರಕ್ತ ಯಾಕ್ರಿ?” ಎಂದು ಕೇಳುವವರ ಪ್ರಶ್ನೆ ನ್ಯಾಯವಾದದ್ದೇ. ಆ ಪರೀಕ್ಷೆ ಅಳೆಯುವುದರಲ್ಲಿ ಬಿಲಿರುಬಿನ್ ಒಂದು: ಮುಪ್ಪಾದ ರಕ್ತಕಣದ ಹಿಮೋಗ್ಲೋಬಿನ್ ಒಡೆದು ಬರುವ ಹಳದಿ ಬಣ್ಣ. ಯಕೃತ್ತು ಅದನ್ನು ಹೊರಹಾಕದಿದ್ದರೆ ಕಣ್ಣು ಹಳದಿಯಾಗುತ್ತದೆ, ಅದೇ ನಮ್ಮವರ ಕಾಮಣಿ. ಹಿಂದೆ ಕಾಮಣಿ ಆಗಿದ್ದವರು ಗುಳಿಗೆ ಬರೆಸಿಕೊಳ್ಳುವ ಮೊದಲೇ ಅದನ್ನು ಹೇಳಿಬಿಡಬೇಕು. ಇಷ್ಟು ದಿನ ಹಚ್ಚಿಕೊಂಡ ಟ್ಯೂಬನ್ನೂ ಡಾಕ್ಟರ ಬಳಿ ಒಯ್ಯಬೇಕು.